ಶಕ್ತಿ ಹುಟ್ಟುವುದೂ ಇಲ್ಲ, ನಾಶವಾಗುವುದೂ ಇಲ್ಲ ಎನ್ನುವ ಶಕ್ತಿ ಸಂರಕ್ಷಣೆಯ ನಿಯಮವನ್ನೇ ಭೌತವಿಜ್ಞಾನಿ ನೀಲ್ಸ್ ಬೋರ್ ಒಮ್ಮೆ ಅನುಮಾನಿಸಿದ್ದರು ಅಂತಾರೆ, ನಿಜವೇ?

ಹೌದು, 1924ರಲ್ಲಿ. ಶಕ್ತಿಯೂ ಸಂವೇಗವೂ (ಡಿಕ್ಕಿಯಲ್ಲಿ ಕೈಬದಲಾಗುವ ಓಟದ ಜೋರು) ಒಂದೊಂದು ಘಟನೆಯಲ್ಲೂ ಲೆಕ್ಕ ಸರಿಹೋಗಬೇಕಿಲ್ಲ, ಸರಾಸರಿಯಲ್ಲಿ ಸರಿಹೋದರೆ ಸಾಕು ಎಂದು ಬೋರ್, ಕ್ರಾಮರ್ಸ್ ಮತ್ತು ಸ್ಲೇಟರ್ ಬರೆದರು.

ಬೆಳಕು ಕಣಗಳಾಗಿ ಬರುತ್ತದೆ ಎಂಬ ಐನ್‌ಸ್ಟೈನ್ ಮಾತನ್ನು ಬೋರ್ ಒಪ್ಪಿರಲಿಲ್ಲ. ಆದರೆ ಎಕ್ಸ್-ರೇ (ಅದೂ ಒಂದು ಬಗೆಯ ಬೆಳಕೇ) ಎಲೆಕ್ಟ್ರಾನಿಗೆ ಬಡಿದು ಚದುರುವುದು, ಕೇರಂ ಸ್ಟ್ರೈಕರ್ ಕಾಯಿಗೆ ಹೊಡೆದ ಹಾಗೆ ಎಂದು 1923ರಲ್ಲೇ ಕಾಂಪ್ಟನ್ ಲೆಕ್ಕ ಹಾಕಿ ತೋರಿಸಿದ್ದರು. ಬೆಳಕು ಬರೀ ಅಲೆ ಎಂಬುದನ್ನೇ ಉಳಿಸಿಕೊಳ್ಳಬೇಕಾದರೆ ಶಕ್ತಿಯ ನಿಯಮವನ್ನು ಸಡಿಲಿಸಬೇಕಿತ್ತು.

ಇದನ್ನು ಪರೀಕ್ಷಿಸಿದ ರೀತಿ ನನಗೆ ತುಂಬಾ ಇಷ್ಟ. ಎಲ್ಲವೂ ಸರಾಸರಿಯೇ ಆದರೆ, ಎಲೆಕ್ಟ್ರಾನ್ ಸಿಡಿಯುವುದೂ ಎಕ್ಸ್-ರೇ ಚದುರುವುದೂ ಒಂದೇ ಕ್ಷಣದಲ್ಲಿ ಆಗಬೇಕಿಲ್ಲ, ಅಲ್ವಾ? ಬರ್ಲಿನ್‌ನಲ್ಲಿ ಬೋಥೆ ಮತ್ತು ಗೈಗರ್ ಎರಡು ಕೌಂಟರ್ (ಕಣವೋ ಕಿರಣವೋ ಬಂದಾಗ ಮಿಡಿಯುವ ಉಪಕರಣ) ಇಟ್ಟರು. ಒಂದು ಎಲೆಕ್ಟ್ರಾನಿಗೆ, ಇನ್ನೊಂದು ಚದುರಿದ ಎಕ್ಸ್-ರೇಗೆ. ಎರಡರ ಮಿಡಿತವೂ ಓಡುವ ಫಿಲ್ಮಿನ ಮೇಲೆ ದಾಖಲಾಗುತ್ತಿತ್ತು. 1925ರಲ್ಲಿ ಫಲಿತಾಂಶ ಬಂತು. ಎರಡೂ ಒಟ್ಟಿಗೆ ಮಿಡಿದದ್ದು, ಸುಮ್ನೆ ಆಕಸ್ಮಿಕವಾಗಿ ಆಗಬಹುದಾದದ್ದಕ್ಕಿಂತ ಎಷ್ಟೋ ಜಾಸ್ತಿ. ಅದೇ ವರ್ಷ ಕಾಂಪ್ಟನ್ ಮತ್ತು ಸೈಮನ್ ಕ್ಲೌಡ್ ಚೇಂಬರಿನಲ್ಲಿ (ಕಣ ಹೋದ ದಾರಿ ಹನಿಗಳ ಗೆರೆಯಾಗಿ ಕಾಣುವ ಪೆಟ್ಟಿಗೆ) ಎಲೆಕ್ಟ್ರಾನ್ ಸಿಡಿದ ಮತ್ತು ಎಕ್ಸ್-ರೇ ಚದುರಿದ ಕೋನಗಳನ್ನು ಅಳೆದರು. ಅವೂ ಡಿಕ್ಕಿಯ ಲೆಕ್ಕಕ್ಕೇ ಹೊಂದಿದವು. ಅಂದರೆ ಒಂದೊಂದು ಘಟನೆಯಲ್ಲೂ ಲೆಕ್ಕ ಸರಿಹೋಗುತ್ತದೆ. ಬೋರ್ ತಮ್ಮ ವಾದವನ್ನು ಕೈಬಿಟ್ಟರು.