ಉತ್ತರ: ಮಳೆಗಾಲದಲ್ಲಿ 11 ಕೆವಿ ಪ್ಯಾನಲ್‌ನಿಂದ ಚರ್ ಚರ್ ಸದ್ದು

11 ಕೆವಿ (11,000 ವೋಲ್ಟ್) ವಿದ್ಯುತ್ ಪ್ಯಾನಲ್ ಹಿಂದಿನಿಂದ ಸದ್ದು, ಘಾಟು ವಾಸನೆ ಬರುತ್ತಿದೆ, ಬಾಗಿಲು ತೆಗೆದು ನೋಡಬಹುದಾ ಅಂತ ಕೇಳಿದ್ದೀರಿ. ಸಪ್ಲೈ ಇರುವಾಗ ಬೇಡವೇ ಬೇಡ. ಆರ್ಕ್ (ಒಳಗೆ ಸ್ಫೋಟದಂತೆ ಹಾರುವ ವಿದ್ಯುತ್ ಕಿಡಿ) ತಡೆಯುವುದಕ್ಕೆ ಪರೀಕ್ಷೆಯಾದ ಪ್ಯಾನಲ್ ಕೂಡ ಬಾಗಿಲು, ಬೋಲ್ಟ್ ಭದ್ರವಾಗಿದ್ದರೆ ಮಾತ್ರ ನಿಮ್ಮನ್ನು ಕಾಯುತ್ತದೆ.

ಆ ವಾಸನೆ ಬಹುಶಃ ಓಝೋನ್‌ದು, ಗಾಳಿಯಲ್ಲಿ ವಿದ್ಯುತ್ ಸೋರಿದಾಗ ಹುಟ್ಟುವ ಅನಿಲ. ಪ್ಯಾನಲ್‌ಗೆ ಕೇಬಲ್ ಜೋಡಿಸುವ ಕೇಬಲ್ ಬಾಕ್ಸ್‌ನಲ್ಲಿ ತೇವ ಕೂತು ಇನ್ಸುಲೇಶನ್ ಮೇಲೆ ಸಣ್ಣಗೆ ಡಿಸ್ಚಾರ್ಜ್ (ವಿದ್ಯುತ್ ಸೋರಿಕೆ) ಆಗುತ್ತಿರಬೇಕು. ಒಳಗೆ ತೇವ ಕೂರದಂತೆ ಬೆಚ್ಚಗಿಡುವ ಸ್ಪೇಸ್ ಹೀಟರ್ ಆನ್ ಇದೆಯಾ? ಬೇಸಿಗೆಯಲ್ಲಿ ಯಾರೋ ಆಫ್ ಮಾಡಿ ಮರೆತಿರುತ್ತಾರೆ, ಅದು ಮಾಮೂಲಿ! ಆದರೆ ಹೀಟರ್ ಹಾಕಿದಾಗ ಸದ್ದು ನಿಂತಿತು ಅಂತ ಸುಮ್ನೆ ಬಿಡಬೇಡಿ. ಶಟ್‌ಡೌನ್ ತೆಗೆದುಕೊಳ್ಳಿ. ಎರಡೂ ಕಡೆಯ ಸಪ್ಲೈ ಹೋಗಿದೆ ಅಂತ ಪರೀಕ್ಷಿಸಿ, ಅರ್ಥ್ ಮಾಡಿದ (ನೆಲಕ್ಕೆ ಜೋಡಿಸಿದ) ಮೇಲೆ ತೆರೆಯಿರಿ. ಬಿಳಿ ಪುಡಿ, ತಾಮ್ರದ ಮೇಲೆ ಹಸಿರು ಕಿಲುಬು ಕಾಣಬಹುದು. ಟರ್ಮಿನೇಶನ್ (ಕೇಬಲ್ ತುದಿಯ ಜೋಡಣೆ) ಮೇಲೆ ಕವಲೊಡೆದ ಕಪ್ಪು ಗೆರೆ ಬಿದ್ದಿದ್ದರೆ ಒರೆಸಿ ಪ್ರಯೋಜನವಿಲ್ಲ, ಬದಲಿಸಲೇಬೇಕು. ನೆಲದ ಟ್ರೆಂಚ್‌ನಿಂದ (ಕೇಬಲ್ ಕಾಲುವೆಯಿಂದ) ಕೇಬಲ್ ಬರುವ ತೂತನ್ನೂ ಮುಚ್ಚಿಸಿ, ತೇವ ಜಾಸ್ತಿ ನುಗ್ಗುವುದು ಅಲ್ಲಿಂದಲೇ.