ಟೊಮೆಟೊ, ಮೆಣಸಿನ ಸಸಿ ಮೊಳೆತ ವಾರದೊಳಗೆ ಬಿದ್ದು ಸಾಯುತ್ತಿವೆ. ಯಾವ ಕಂಪನಿಯ ಬೀಜ ತರಲಿ?

ಯಾವ ಕಂಪನಿಯದೂ ಬೇಡ, ಇರುವ ಪ್ಯಾಕೆಟ್ಟೇ ಸಾಕು. ಮೊಳೆತ ಮೇಲೆ ಬೀಜದ ಕೆಲಸ ಮುಗಿಯಿತು. ಆಮೇಲೆ ಸತ್ತರೆ ತಪ್ಪು ಹೆಚ್ಚಾಗಿ ನೀರಿನದು. ನಮ್ಮ ಬೆಂಗಳೂರಿನ ಬಾಲ್ಕನಿಯಲ್ಲೂ ಒಂದು ಕಾಲಕ್ಕೆ ಇದೇ ಕಥೆ, ಹಾಗಾಗಿ ಫೋಟೊ ಇಲ್ಲದೆಯೂ ಹೇಳುತ್ತೇನೆ: ದಂಟು ಮಣ್ಣಿಗೆ ತಾಗುವ ಕಡೆ ನೀರುನೀರಾಗಿ, ದಾರದ ಹಾಗೆ ಸಣ್ಣಗಾಗಿರುತ್ತದೆ. ಮೇಲಿನ ಎರಡು ಎಲೆ ಇನ್ನೂ ಹಸಿರಾಗೇ ಇರುತ್ತವೆ.

ಇದು ಸಸಿ ಕೊಳೆ ರೋಗ. ಪಿಥಿಯಮ್, ರೈಜೋಕ್ಟೋನಿಯಾದಂಥ ಸೂಕ್ಷ್ಮಜೀವಿಗಳು ಇದಕ್ಕೆ ಕಾರಣ. ಇವು ಹಳೆ ಕುಂಡದ ಮಣ್ಣಿನಲ್ಲಿ, ತೊಳೆಯದ ಟ್ರೇಯಲ್ಲಿ ಕಾದುಕೊಂಡೇ ಇರುತ್ತವೆ. ಪಿಥಿಯಮ್‌ನ ಕಣಗಳಂತೂ ನೀರಿನಲ್ಲಿ ಈಜುತ್ತವೆ. ಗಾಳಿ ಇರಬೇಕಾದ ಸಂದುಗಳಲ್ಲೆಲ್ಲ ನೀರೇ ನಿಂತಿದ್ದರೆ ಒಂದು ಸಸಿಯಿಂದ ಪಕ್ಕದ ಸಸಿಗೆ ಹೋಗುವುದು ಅವಕ್ಕೆ ಕಷ್ಟವಲ್ಲ. ಟ್ರೇಯ ಒಂದು ಮೂಲೆಯಲ್ಲಿ ಶುರುವಾಗಿ ವೃತ್ತದ ಹಾಗೆ ಹರಡುವುದು ಅದಕ್ಕೇ. ಎಳೆ ದಂಟು ಗಟ್ಟಿಯಾದ ಮೇಲೆ ಅಪಾಯ ಬಹಳ ಕಮ್ಮಿ. ಹಾಗಾಗಿ ನೀವು ಕಾಯಬೇಕಾದದ್ದು ಮೊದಲ ಎರಡು ವಾರ ಮಾತ್ರ.

ಎಲ್ಲರೂ ಎಡವುವ ಜಾಗ ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಅದರ ಮೇಲ್ಪದರ ಬಿಸಿಲಿಗೆ ಎರಡೇ ಗಂಟೆಯಲ್ಲಿ ಒಣಗಿ ತಿಳಿ ಕಂದು ಬಣ್ಣಕ್ಕೆ ತಿರುಗುತ್ತದೆ. ನೋಡಿದವರಿಗೆ ಅಯ್ಯೋ ಪಾಪ ಅನ್ನಿಸುತ್ತದೆ, ಸ್ಪ್ರೇ ಬಾಟಲಿ ಹಿಡಿಯುತ್ತಾರೆ. ಒಂದು ಸೆಂಟಿಮೀಟರ್ ಕೆಳಗೆ ಬೆರಳಿಟ್ಟು ನೋಡಿ, ಹಿಂಡಿದರೆ ನೀರು ಬರುವಷ್ಟು ಒದ್ದೆ ಇರುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಸ್ಪ್ರೇ ಮಾಡಿದರೆ ಬುಡ ಇಡೀ ರಾತ್ರಿ ಒದ್ದೆಯಾಗೇ ಇರುತ್ತದೆ, ರೋಗಕ್ಕೆ ಬೇಕಾದದ್ದೂ ಅದೇ. ಬಣ್ಣ ನಂಬಬೇಡಿ, ತೂಕ ನಂಬಿ. ನೀರು ಹಾಕಿದ ತಕ್ಷಣ ಟ್ರೇ ಎತ್ತಿ ನೋಡಿ, ಮಾರನೇ ದಿನ ಮತ್ತೆ ಎತ್ತಿ ನೋಡಿ. ಹಗುರ ಅನ್ನಿಸಿದಾಗ ಮಾತ್ರ ನೀರು. ಅದೂ ಮೇಲಿಂದಲ್ಲ. ಒಂದು ತಟ್ಟೆಯಲ್ಲಿ 2 ಸೆಂಟಿಮೀಟರ್ ನೀರು ಹಾಕಿ, ಟ್ರೇಯನ್ನು ಅದರಲ್ಲಿ 10–15 ನಿಮಿಷ ಇಟ್ಟು, ತೆಗೆದು, ಸೋರಲು ಬಿಡಿ. ಬೆಳಿಗ್ಗೆ ಹೊತ್ತು ಮಾತ್ರ. ಮಳೆಗಾಲದ ಮೋಡದ ದಿನಗಳಲ್ಲಿ ಎರಡು ಮೂರು ದಿನ ನೀರೇ ಬೇಕಾಗದೆ ಇರಬಹುದು. ಕೈ ಕಟ್ಟಿಕೊಂಡು ಕೂತಿರಿ.

ಈಗ ಹೊಸದಾಗಿ ಬಿತ್ತುವುದು. 650 ಗ್ರಾಂನ ಕೊಕೊಪೀಟ್ ಇಟ್ಟಿಗೆಯನ್ನು ಸುಮಾರು 4 ಲೀಟರ್ ನೀರಲ್ಲಿ ನೆನೆಹಾಕಿ. ಉಬ್ಬಿದ ಮೇಲೆ ಹಿಂಡಿ ಆ ನೀರು ಚೆಲ್ಲಿ, ಹೊಸ ನೀರಲ್ಲಿ ಇನ್ನೆರಡು ಸಲ ತೊಳೆಯಿರಿ. ನಾರಿನಲ್ಲಿ ಉಪ್ಪಿನಂಶ ಇರುತ್ತದೆ, ಎಳೆ ಬೇರು ಸುಡುತ್ತದೆ. ಕಂಪನಿಯ ಮೇಲೆ ಸಿಟ್ಟಿದ್ದರೆ ಬೀಜದವರನ್ನು ಬಿಟ್ಟು ಕೊಕೊಪೀಟ್‌ನವರ ಮೇಲೆ ತೋರಿಸಿ! 3 ಪಾಲು ಕೊಕೊಪೀಟ್‌ಗೆ 1 ಪಾಲು ಜರಡಿ ಹಿಡಿದ ಎರೆಗೊಬ್ಬರ. ರೋಗ ಹತ್ತಿಕ್ಕುವ ಟ್ರೈಕೋಡರ್ಮಾ ಪುಡಿ ಸಿಕ್ಕರೆ ಕೆಜಿ ಮಿಶ್ರಣಕ್ಕೆ ಒಂದೆರಡು ಚಿಕ್ಕ ಚಮಚ ಸೇರಿಸಿ. ಮುಷ್ಟಿಯಲ್ಲಿ ಹಿಂಡಿದರೆ ಎರಡು ಮೂರು ಹನಿ ಬೀಳಬೇಕು, ಧಾರೆ ಬರಬಾರದು.

ಮನೆಗೆ 50 ಗುಳಿಯ ಪ್ರೋಟ್ರೇ ಸರಿ. ನರ್ಸರಿಯವರು ಬಳಸುವ 98 ಗುಳಿಯದು ಬೇಗ ಒಣಗುತ್ತದೆ, ಬೇಗ ಬೇರು ಸುತ್ತಿಕೊಳ್ಳುತ್ತದೆ. ಮೊಸರಿನ ಡಬ್ಬಿಯಾದರೂ ನಡೆಯುತ್ತದೆ, ತಳಕ್ಕೆ ನಾಲ್ಕೈದು ತೂತು ಇರಲೇಬೇಕು. ಗುಳಿಗೆ ಒಂದೇ ಬೀಜ, ಅರ್ಧ ಸೆಂಟಿಮೀಟರ್ ಆಳ. ಚಿಟಿಕೆಗಟ್ಟಲೆ ಬೀಜ ಒಂದೇ ಡಬ್ಬಿಗೆ ಉದುರಿಸಿದರೆ ಸಸಿಗಳ ನಡುವೆ ಗಾಳಿ ಆಡುವುದಿಲ್ಲ. ಹಾಗೆ ಉದುರಿಸಿ ಆಗಿದ್ದರೆ ಹೆಚ್ಚಿನ ಸಸಿಗಳನ್ನು ಕತ್ತರಿಯಿಂದ ಕತ್ತರಿಸಿ, ಕೀಳಬೇಡಿ. ಪಕ್ಕದ ಬೇರೂ ಕಿತ್ತು ಬರುತ್ತದೆ.

ಮೇಲೆ ಪ್ಲಾಸ್ಟಿಕ್ ಹೊದಿಸುವುದು ಮೊಳೆಯುವ ತನಕ ಮಾತ್ರ. ಟೊಮೆಟೊ ವಾರದೊಳಗೆ ಏಳುತ್ತದೆ, ಮೆಣಸಿಗೆ ಎರಡು ವಾರವೂ ಬೇಕಾಗಬಹುದು, ಹಾಗಾಗಿ ಎರಡನ್ನೂ ಒಂದೇ ಟ್ರೇಯಲ್ಲಿ ಬಿತ್ತಬೇಡಿ. ಮೊದಲ ಮೊಳಕೆ ತಲೆ ಎತ್ತಿದ ದಿನವೇ ಹೊದಿಕೆ ತೆಗೆದು ಬೆಳಕಿಗಿಡಿ. ಒಂದೇ ದಿನ ತಡವಾದರೂ ಬೆಳಕು ಹುಡುಕಿಕೊಂಡು ದಂಟು ಉದ್ದುದ್ದ ಬೆಳೆದು ಬಿಳಿಚುತ್ತದೆ. ಅಂಥ ದಂಟು ರೋಗವಿಲ್ಲದೆಯೂ ಮಲಗುತ್ತದೆ. ಪೂರ್ವದ ಬಾಲ್ಕನಿಯ ಎಳೆ ಬಿಸಿಲು ಎಲ್ಲಕ್ಕಿಂತ ಒಳ್ಳೆಯದು. ಅಡುಗೆಮನೆ ಕಿಟಕಿಯ ಗ್ರಿಲ್ಲು ನೋಡಲು ಚಂದ, ಬೆಳಕು ಸಾಲದು.

ದಾಲ್ಚಿನ್ನಿ ಪುಡಿ, ಅರಿಶಿನ ಉದುರಿಸಿ ಎಂದು ಹೇಳುವವರಿದ್ದಾರೆ. ನೀರು ಕಮ್ಮಿ ಮಾಡದೆ ಉದುರಿಸಿದರೆ ಡಬ್ಬಿಗೆ ಮಸಾಲೆ ವಾಸನೆ ಬಂದೀತು, ಅಷ್ಟೆ.

ಬೀಜದ ಬಗ್ಗೆಯೇ ಕೇಳಿದಿರಲ್ಲ, ಗೊತ್ತಿರಬೇಕಾದದ್ದು ಎರಡು. ಗುಲಾಬಿ ಅಥವಾ ನೀಲಿ ಬಣ್ಣ ಹಚ್ಚಿದ ಬೀಜಕ್ಕೆ ಹೆಚ್ಚಾಗಿ ಥೈರಮ್‌ನಂಥ ಶಿಲೀಂಧ್ರನಾಶಕ ಲೇಪಿಸಿರುತ್ತಾರೆ. ಅದನ್ನು ನೆನೆಹಾಕಬೇಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ. ಇನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ಎಲೆ ಮುಟುರು, ದುಂಡಾಣು ಸೊರಗು, ಎಲೆ ಅಂಗಮಾರಿ ತಡೆಯುವ ತಳಿ ನಿಜ, ಆದರೆ ಸಸಿ ಕೊಳೆಗೆ ಅದೂ ಬೀಳುತ್ತದೆ. ಅದು ಹೈಬ್ರಿಡ್ ಬೇರೆ, ಹಣ್ಣಿನಿಂದ ಬೀಜ ತೆಗೆದಿಟ್ಟರೆ ಮುಂದಿನ ಸಲ ಅದೇ ಗಿಡ ಬರುವುದಿಲ್ಲ. ಬೀಜ ಎತ್ತಿಡುವ ಆಸೆ ಇದ್ದರೆ ಅರ್ಕಾ ವಿಕಾಸ್ ತನ್ನಿ.

ಮೂಲಂಗಿ, ಕ್ಯಾರೆಟ್, ಬೀನ್ಸ್, ಕೊತ್ತಂಬರಿಗೆ ಈ ಟ್ರೇ ಸಂಭ್ರಮವೇ ಬೇಡ, ಕುಂಡಕ್ಕೇ ನೇರ ಹಾಕಿ.

ನಿಮ್ಮಲ್ಲಿ ಉಳಿದಿರುವ ಸಸಿಗಳಿಗೆ ಇವತ್ತು ಮಾಡಬೇಕಾದದ್ದು: ಬಿದ್ದವನ್ನು ಸುತ್ತಲಿನ ಕೊಕೊಪೀಟ್ ಸಮೇತ ಚಮಚದಲ್ಲಿ ತೆಗೆದು ಕಸಕ್ಕೆ ಹಾಕಿ, ಕಾಂಪೋಸ್ಟ್‌ಗೆ ಬೇಡ. ಟ್ರೇಯನ್ನು ಗಾಳಿಗಿಡಿ. ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಎಂಬ ಶಿಲೀಂಧ್ರನಾಶಕ ಕಲಸಿ, ಕೈಗವಸು ಹಾಕಿಕೊಂಡು, ಬುಡಕ್ಕೆ ಒಮ್ಮೆ ಸುರಿಯಿರಿ. ಇದನ್ನೂ ಟ್ರೈಕೋಡರ್ಮಾವನ್ನೂ ಒಟ್ಟಿಗೆ ಕೊಡಬೇಡಿ, ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ. ಬಿದ್ದ ಸಸಿ ಏನು ಮಾಡಿದರೂ ಏಳುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಹೋಗಿದ್ದರೆ ಔಷಧಿಯ ಗೋಜಿಗೇ ಹೋಗಬೇಡಿ. ಟ್ರೇ ಖಾಲಿ ಮಾಡಿ ಸೋಪಿನಲ್ಲಿ ಉಜ್ಜಿ, 1 ಪಾಲು ದ್ರವ ಬ್ಲೀಚ್‌ಗೆ 9 ಪಾಲು ನೀರು ಬೆರೆಸಿ 10 ನಿಮಿಷ ಮುಳುಗಿಸಿಟ್ಟು, ಚೆನ್ನಾಗಿ ತೊಳೆದು ಒಣಗಿಸಿ ಮತ್ತೆ ಬಿತ್ತಿ. ಟೊಮೆಟೊ ಸಸಿ ಸುಮಾರು 25 ದಿನಕ್ಕೆ ನಾಟಿಗೆ ಬರುತ್ತದೆ, ಮೆಣಸು 35–40 ದಿನಕ್ಕೆ. ನಾಟಿ ಮಾಡುವಾಗ ಟೊಮೆಟೊ ದಂಟನ್ನು ಕೆಳಗಿನ ಎಲೆಯವರೆಗೂ ಹೂಳಬಹುದು, ಹೂತ ದಂಟಿನಿಂದಲೇ ಬೇರು ಒಡೆಯುತ್ತದೆ. ಮೆಣಸನ್ನು ಟ್ರೇಯಲ್ಲಿದ್ದಷ್ಟೇ ಆಳಕ್ಕೆ ನೆಡಿ.