ಟೊರೊಂಟೊ ಡೌನ್‌ಟೌನ್ ಬಾರ್‌ನಲ್ಲಿ ಶನಿವಾರದ ಲೀಫ್ಸ್ ಮ್ಯಾಚ್: ಮೊದಲ ಸಲ ಹೋಗುವವರಿಗೆ ಏನೇನು ಗೊತ್ತಿರಬೇಕು?

ನೀವು ಕೇಳಿರುವುದು ಇಷ್ಟು: ಟೊರೊಂಟೊಗೆ ಬಂದು ಕೆಲವೇ ತಿಂಗಳಾಗಿದೆ. ಶನಿವಾರ ಆಫೀಸಿನ ಆರು ಜನ ಯೂನಿಯನ್ ಸ್ಟೇಷನ್ ಹತ್ತಿರದ ಸ್ಪೋರ್ಟ್ಸ್ ಬಾರ್‌ನಲ್ಲಿ ಲೀಫ್ಸ್ (ಟೊರೊಂಟೊದ ಐಸ್ ಹಾಕಿ ತಂಡ)–ಮಾಂಟ್ರಿಯಲ್ ಮ್ಯಾಚ್ ನೋಡೋಣ ಅಂದಿದ್ದಾರೆ. ಐಸ್ ಹಾಕಿ ಗೊತ್ತಿಲ್ಲ, ಸಸ್ಯಾಹಾರಿ, ಕುಡಿಯುವುದು ಅಪರೂಪ. ಎಷ್ಟು ಹೊತ್ತಿಗೆ ಹೋಗಬೇಕು, ಎಲ್ಲಿ ಕೂರಬೇಕು, ಏನು ತಿನ್ನಬಹುದು, ಎಷ್ಟು ಆಟ ತಿಳಿದಿದ್ದರೆ ಸಾಕು?

ಮೊದಲು ಒಂದು ವಿಷಯ ನೋಡಿಕೊಳ್ಳಿ: ಮ್ಯಾಚ್ ಇಲ್ಲಿಯ ಸ್ಕೋಶಿಯಾಬ್ಯಾಂಕ್ ಅರೀನಾದಲ್ಲೋ, ಮಾಂಟ್ರಿಯಲ್‌ನಲ್ಲೋ? ಹೋಗುವ ಹೊತ್ತು ಪೂರ್ತಿ ಇದರ ಮೇಲೆ ನಿಂತಿದೆ. ಇಲ್ಲೇ ಇದ್ದರೆ, ಟಿಕೆಟ್ ಇರುವವರೆಲ್ಲ ಐದು ಗಂಟೆಯಿಂದಲೇ ಅರೀನಾ ಸುತ್ತಲಿನ ಬಾರ್‌ಗಳಲ್ಲಿ ತುಂಬಿಕೊಂಡಿರುತ್ತಾರೆ. ಆರೂವರೆಗೆ ಒಳಗೆ ಹೋದರೆ ಕಾಲಿಡಲು ಜಾಗವಿರುವುದಿಲ್ಲ. ಆದರೆ 6:40ರಿಂದ 7ರ ನಡುವೆ ಅವರು ಬಿಲ್ ಕೊಟ್ಟು ಗುಂಪುಗುಂಪಾಗಿ ಎದ್ದು ಅರೀನಾಕ್ಕೆ ಹೋಗುತ್ತಾರೆ, ಮೇಜುಗಳು ಖಾಲಿಯಾಗುತ್ತವೆ. ಆ ಇಪ್ಪತ್ತು ನಿಮಿಷವೇ ನಿಮ್ಮದು. ಮ್ಯಾಚ್ ಮಾಂಟ್ರಿಯಲ್‌ನಲ್ಲಿದ್ದರೆ ಯಾರೂ ಎದ್ದು ಹೋಗುವುದಿಲ್ಲ. ಬಂದವರು ಕೊನೆಯವರೆಗೂ ಕೂರುತ್ತಾರೆ. ಆಗ ಆರು ಜನಕ್ಕೆ ಐದೂವರೆಯೊಳಗೆ ಹೋಗಬೇಕು, ಪ್ಲೇಆಫ್ (ಸೀಸನ್ ಕೊನೆಯ ನಾಕೌಟ್ ಹಂತ) ಆದರೆ ನಾಲ್ಕು ಗಂಟೆಗೇ. ಶನಿವಾರದ ಮ್ಯಾಚ್ ಸಾಮಾನ್ಯವಾಗಿ ಏಳಕ್ಕೆ ಎಂದಿರುತ್ತದೆ, ಪಕ್ (ಆಟದ ರಬ್ಬರ್ ಬಿಲ್ಲೆ) ಬಿದ್ದು ಆಟ ಶುರುವಾಗುವುದು ಮಾತ್ರ ಏಳು ದಾಟಿ ಏಳೆಂಟು ನಿಮಿಷಕ್ಕೆ.

ಟೇಬಲ್ ಬುಕ್ ಮಾಡುವಾಗ ಮೂರು ಪ್ರಶ್ನೆ ಕೇಳಿ. ಎಲ್ಲರೂ ಬಂದ ಮೇಲೆಯೇ ಕೂರಿಸುತ್ತೀರಾ? ಎರಡು ಗಂಟೆಯ ಮಿತಿ ಇದೆಯಾ? ಇಷ್ಟು ದುಡ್ಡಿನದು ತಿನ್ನಲೇಬೇಕು ಅನ್ನುವ ಕಟ್ಟುಪಾಡು ಇದೆಯಾ? ಎರಡು ಗಂಟೆಯ ಮಿತಿ ಇದ್ದರೆ ಆ ಬುಕಿಂಗ್‌ನಿಂದ ಪ್ರಯೋಜನವಿಲ್ಲ, ಏಕೆಂದರೆ ಮ್ಯಾಚ್ ಮುಗಿಯಲು ಎರಡೂವರೆ ಗಂಟೆ ಬೇಕು. ಮೂರನೇ, ಅಂದರೆ ಕೊನೆಯ ಪಿರಿಯಡ್‌ನಲ್ಲಿ ಎಬ್ಬಿಸಿದರೆ ಬಂದದ್ದೇ ದಂಡ. ಇನ್ನೊಂದು ಪ್ರಶ್ನೆ ಬಹಳ ಜನ ಮರೆಯುತ್ತಾರೆ: ‘ಈ ಮ್ಯಾಚಿಗೆ ಸೌಂಡ್ ಹಾಕುತ್ತೀರಾ?’ ಅದೇ ರಾತ್ರಿ ರ್‍ಯಾಪ್ಟರ್ಸ್ ಬ್ಯಾಸ್ಕೆಟ್‌ಬಾಲೋ ಬ್ಲೂ ಜೇಸ್ ಬೇಸ್‌ಬಾಲೋ ಇರಬಹುದು. ಇಪ್ಪತ್ತು ಟಿವಿ ಇದ್ದರೂ ಸೌಂಡ್ ಒಂದಕ್ಕೇ.

ಕೂರುವ ಜಾಗದ ವಿಷಯದಲ್ಲಿ ಎಲ್ಲರೂ ದೊಡ್ಡ ಸ್ಕ್ರೀನಿನ ಕೆಳಗೇ ಓಡುತ್ತಾರೆ. ಅದು ತಪ್ಪು. ಕತ್ತೆತ್ತಿ ಎರಡೂವರೆ ಗಂಟೆ ನೋಡಿದರೆ ಮರುದಿನ ಕುತ್ತಿಗೆ ತಿರುಗುವುದಿಲ್ಲ, ಮೇಲಾಗಿ ಅಷ್ಟು ಹತ್ತಿರದಿಂದ ಪಕ್ ಕಾಣುವುದೂ ಇಲ್ಲ. ಮಧ್ಯಮ ಗಾತ್ರದ ಟಿವಿಗೆ ನೇರ ಎದುರು, ಮೂರು–ನಾಲ್ಕು ಮೀಟರ್ ದೂರ, ನಿಮಗೂ ಟಿವಿಗೂ ನಡುವೆ ಬಿಯರ್ ತರುವವರ ಓಡಾಟದ ದಾರಿ ಇಲ್ಲದ ಕಡೆ ಹುಡುಕಿ. ಏಪ್ರಿಲ್ ಕೊನೆಯಲ್ಲಿ, ಮೇನಲ್ಲಿ ಸೂರ್ಯ ಮುಳುಗುವುದೇ ಎಂಟು ದಾಟಿ. ಪಡುವಣ ಕಿಟಕಿಯ ಎದುರಿನ ಟಿವಿಯಲ್ಲಿ ಮೊದಲ ಪಿರಿಯಡ್ ಪೂರ್ತಿ ನಿಮ್ಮ ಮುಖವೇ ಕಾಣುತ್ತದೆ. ಚಳಿಗಾಲವಾದರೆ ಕೋಟಿನ ಪಾಡು ಬೇರೆ: ಅದನ್ನು ತೂಗುಹಾಕುವ ಜಾಗ ಎಲ್ಲ ಕಡೆ ಇರುವುದಿಲ್ಲ, ಕುರ್ಚಿಯ ಬೆನ್ನಿಗೆ ಹಾಕಿದರೆ ಗೋಲ್ ಬಿದ್ದಾಗ ಹಿಂದಿನವರ ಬಿಯರ್ ಅದರ ಮೇಲೆ ಬೀಳುತ್ತದೆ. ಮಡಚಿ ಕೆಳಗೆ ಹಾಕಿಕೊಂಡು ಕೂರಿ.

ಫೋನಿನ ಸ್ಕೋರ್ ಅಲರ್ಟ್ ನಿಲ್ಲಿಸಿಬಿಡಿ. ಬಾರ್‌ನ ಟಿವಿಗೆ ಸಿಗ್ನಲ್ ಕೆಲವು ಸೆಕೆಂಡ್ ತಡವಾಗಿ ಬರುತ್ತದೆ, ಇಂಟರ್ನೆಟ್ ಮೂಲಕ ತೋರಿಸುತ್ತಿದ್ದರೆ ಅರ್ಧ ನಿಮಿಷದವರೆಗೂ. ನಿಮ್ಮ ಜೇಬು ಮೊದಲೇ ಟಿಂಗ್ ಅಂದು ನೀವು ಮುಖ ಅರಳಿಸಿದರೆ ಮೇಜಿನವರೆಲ್ಲ ನಿಮ್ಮನ್ನು ಕೊಲ್ಲುವಂತೆ ನೋಡುತ್ತಾರೆ. (ಪಕ್ಕದ ಬಾರ್‌ನವರು ಗೋಡೆಯಾಚೆಯಿಂದ ಮೊದಲೇ ಕೂಗಿದರೆ ಮಾತ್ರ ಏನೂ ಮಾಡುವಂತಿಲ್ಲ.)

ಇನ್ನು ಗಡಿಯಾರ. ಬಾರ್‌ನಲ್ಲಿ ತಿನ್ನುವುದು, ಶೌಚಾಲಯಕ್ಕೆ ಹೋಗುವುದು, ಬಿಲ್ ಕೊಡುವುದು ಎಲ್ಲವೂ ಆಟದ ಗಡಿಯಾರದ ಪ್ರಕಾರವೇ ನಡೆಯುತ್ತದೆ. ಅದು ತಿಳಿದವರು ಆರಾಮಾಗಿರುತ್ತಾರೆ, ತಿಳಿಯದವರು ಕ್ಯೂನಲ್ಲಿರುತ್ತಾರೆ. 20 ನಿಮಿಷದ ಮೂರು ಪಿರಿಯಡ್, ಗಡಿಯಾರ 20:00ರಿಂದ ಕೆಳಗಿಳಿಯುತ್ತದೆ, ಆಟ ನಿಂತಾಗ ಅದೂ ನಿಲ್ಲುತ್ತದೆ. ನಡುವೆ ಎರಡು ಬಿಡುವು, ಒಂದೊಂದು ಸುಮಾರು 18 ನಿಮಿಷ. ಇದಲ್ಲದೆ ಪ್ರತಿ ಪಿರಿಯಡ್‌ನಲ್ಲಿ ಮೂರು ಜಾಹೀರಾತಿನ ವಿರಾಮ: ಗಡಿಯಾರ 14, 10, 6 ನಿಮಿಷಕ್ಕಿಂತ ಕೆಳಗಿಳಿದ ಮೇಲೆ ಆಟ ಮೊದಲು ನಿಂತಾಗ, ಸುಮಾರು ಎರಡು ನಿಮಿಷ. ಐಸಿಂಗ್ ಆದಾಗ, ಪವರ್ ಪ್ಲೇ ನಡೆಯುವಾಗ (ಇವೆರಡೂ ಏನೆಂದು ಮುಂದೆ ಹೇಳುತ್ತೇನೆ) ಈ ವಿರಾಮ ಕೊಡುವುದಿಲ್ಲ, ಮುಂದಿನ ನಿಲುಗಡೆಗೆ ಹೋಗುತ್ತದೆ.

ಇದನ್ನು ಹೀಗೆ ಬಳಸಿಕೊಳ್ಳಿ. ಪಿರಿಯಡ್ ಮುಗಿದ ಕೂಡಲೇ ಶೌಚಾಲಯದ ಮುಂದೆ ಉದ್ದದ ಸಾಲು. ಆರು ನಿಮಿಷದ ವಿರಾಮಕ್ಕೆ (ಗಡಿಯಾರದಲ್ಲಿ ಆರು ನಿಮಿಷ ಉಳಿದಾಗಿನದು) ಎದ್ದು ಹೋಗಿ ಬನ್ನಿ, ಇಲ್ಲವೇ ಬಿಡುವಿನ ಕೊನೆಯ ಐದು ನಿಮಿಷಕ್ಕೆ. ಊಟವನ್ನು ಬಿಡುವಿನಲ್ಲಿ ಆರ್ಡರ್ ಮಾಡಬೇಡಿ, ಆಗ ಎಲ್ಲ ಮೇಜಿನ ಚೀಟಿಗಳೂ ಒಟ್ಟಿಗೆ ಅಡುಗೆಮನೆಗೆ ಹೋಗಿ ತಟ್ಟೆ ಬರುವುದು 40 ನಿಮಿಷಕ್ಕೆ. ಮೊದಲ ಪಿರಿಯಡ್‌ನ ಹತ್ತು ನಿಮಿಷದ ವಿರಾಮದಲ್ಲಿ ಹೇಳಿದರೆ ಸರಿಯಾಗಿ ಬಿಡುವಿನ ಹೊತ್ತಿಗೆ ಮೇಜಿಗೆ ಬರುತ್ತದೆ. ಬಿಲ್ಲಂತೂ ಮೂರನೇ ಪಿರಿಯಡ್‌ನ ಆರು ನಿಮಿಷದ ವಿರಾಮದಲ್ಲೇ ಮುಗಿಸಿ. ಮ್ಯಾಚ್ ಮುಗಿದ ಮೇಲೆ ಕೇಳಿದರೆ ಕಾರ್ಡ್ ಮಷೀನ್ ನಿಮ್ಮ ಮೇಜಿಗೆ ಬರಲು ಅರ್ಧ ಗಂಟೆ. ಮ್ಯಾಚ್ ಅರೀನಾದಲ್ಲೇ ನಡೆದಿದ್ದರೆ ಅಲ್ಲಿಯ 18,000ಕ್ಕೂ ಹೆಚ್ಚು ಜನ ಆಗಲೇ ಬೀದಿಗಿಳಿದಿರುತ್ತಾರೆ.

ಸಸ್ಯಾಹಾರದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಮೆನುವಿನಲ್ಲಿ ಎಲೆಯ ಗುರುತು ನೋಡಿ ನಂಬುವ ಹಾಗಿಲ್ಲ. ಸ್ಪೋರ್ಟ್ಸ್ ಬಾರ್‌ನ ಜೀವಾಳವೇ ಚಿಕನ್ ವಿಂಗ್ಸ್. ಫ್ರೆಂಚ್ ಫ್ರೈಸ್, ಈರುಳ್ಳಿ ರಿಂಗ್ಸ್, ನಮ್ಮ ಗೋಬಿ ಮಂಚೂರಿಯ ದಾಯಾದಿಯಂತಿರುವ ಕಾಲಿಫ್ಲವರ್ ಬೈಟ್ಸ್ ಇವೆಲ್ಲ ಎಷ್ಟೋ ಕಡೆ ಅದೇ ಎಣ್ಣೆಯಲ್ಲಿ ಬೇಯುತ್ತವೆ. ‘ವೆಜಿಟೇರಿಯನ್ನಾ?’ ಅಂದರೆ ಹೌದು ಅಂತಲೇ ಹೇಳುತ್ತಾರೆ. ಕೇಳಬೇಕಾದ್ದು ‘ಇದಕ್ಕೆ ಫ್ರೈಯರ್ ಬೇರೆಯಾ?’ ಅಂತ. ಪೂಟೀನ್ (ಫ್ರೈಸ್ ಮೇಲೆ ಚೀಸ್, ಗ್ರೇವಿ ಹಾಕಿದ ತಿನಿಸು) ಮೇಲಿನ ಕಂದು ಗ್ರೇವಿ ಸಾಮಾನ್ಯವಾಗಿ ದನದ ಅಥವಾ ಕೋಳಿಯ ಸಾರಿನದು. ಸೀಸರ್ ಸಲಾಡ್‌ನ ಡ್ರೆಸಿಂಗ್‌ನಲ್ಲಿ ಆಂಚೊವಿ ಮೀನಿರುತ್ತದೆ. ಇನ್ನೊಂದು ಸೀಸರ್ ಇದೆ, ಕುಡಿಯುವುದು: 1969ರಲ್ಲಿ ಕ್ಯಾಲ್ಗರಿಯಲ್ಲಿ ಹುಟ್ಟಿದ ಕಾಕ್ಟೇಲ್. ನೋಡಲು ಟೊಮೇಟೊ ರಸ, ಒಳಗೆ ಚಿಪ್ಪುಮೀನಿನ ರಸವೂ ಇದೆ. ಮದ್ಯವಿಲ್ಲದೆ ಮಾಡಿಸಿಕೊಂಡರೂ ಚಿಪ್ಪುಮೀನು ಹೋಗುವುದಿಲ್ಲ. ನನ್ನ ಆಯ್ಕೆ ಮಾಂಸವಿಲ್ಲದ ನಾಚೋಸ್ ಅಥವಾ ಮಾರ್ಗರೀಟಾ ಪಿಜ್ಜಾ. ನಾಚೋಸ್ ತಟ್ಟೆ ಮೂವರಿಗೆ ಸಾಕು, ಆದರೆ ‘ಚಿಲ್ಲಿ ಬೇಡ’ ಅನ್ನಲೇಬೇಕು. ಇಲ್ಲಿ ಚಿಲ್ಲಿ ಅಂದರೆ ಮೆಣಸಿನಕಾಯಿಯಲ್ಲ, ಹೆಚ್ಚಿನ ಪಾಲು ಖೀಮಾ ಹಾಕಿದ ರಾಜ್ಮಾ ಬೀನ್ಸ್ ಗೊಜ್ಜು.

ಕುಡಿಯದಿದ್ದರೆ ಯಾರೂ ಏನೂ ಅನ್ನುವುದಿಲ್ಲ, ಖಾಲಿ ಮೇಜಿನ ಮುಂದೆ ಕೂತರೆ ಮಾತ್ರ ಬಡಿಸುವವರಿಗೆ ಇರಿಸುಮುರಿಸು. ಸೋಡಾ, ಜಿಂಜರ್ ಏಲ್, ಆಲ್ಕೋಹಾಲ್ ಇಲ್ಲದ ಬಿಯರ್ ಯಾವುದಾದರೂ ನಡೆಯುತ್ತದೆ. ಒಂದೊಂದು ಸುತ್ತು ಒಬ್ಬೊಬ್ಬರು ಕೊಡಿಸುವ ಪದ್ಧತಿಗೆ ಸಿಕ್ಕಿಹಾಕಿಕೊಂಡರೆ ಶುಂಠಿ ನೀರು ಕುಡಿದವರು ಐವರ ಬಿಯರ್‌ಗೆ ದುಡ್ಡು ಕೊಡಬೇಕಾಗುತ್ತದೆ. ಕೂತ ಕೂಡಲೇ ‘ಬಿಲ್ ಬೇರೆ ಬೇರೆ ಮಾಡಿ’ ಎಂದು ಹೇಳಿಬಿಡಿ, ಕೊನೆಯಲ್ಲಿ ಹೇಳಿದರೆ ಅವರಿಗೂ ತಲೆನೋವು. ಕುಡಿಯುವುದಾದರೆ ಲೆಕ್ಕ ಇಟ್ಟುಕೊಳ್ಳಿ: ಇಲ್ಲಿಯ ಪಿಂಟ್ ಪೂರ್ತಿ ಅಳತೆಯದಾದರೆ 568 ಮಿಲಿ, ಆದರೆ ಕೆನಡಾದಲ್ಲಿ ಒಂದು ಡ್ರಿಂಕ್ ಎಂದು ಲೆಕ್ಕ ಹಾಕುವುದು ಶೇಕಡ 5ರ ಬಿಯರ್‌ನ 341 ಮಿಲಿ ಬಾಟಲಿಯನ್ನು. ಎರಡು ಪಿಂಟ್ ಅಂದರೆ ಮೂರು ಡ್ರಿಂಕ್ ದಾಟಿತು.

ಗುರುತಿನ ಚೀಟಿ ಜೊತೆಗಿರಲಿ. ಒಂಟಾರಿಯೊದಲ್ಲಿ ವಯಸ್ಸಿನ ಮಿತಿ 19, ಚಿಕ್ಕವರಂತೆ ಕಂಡವರನ್ನೆಲ್ಲ ಕೇಳುತ್ತಾರೆ. ಪಾಸ್‌ಪೋರ್ಟ್, ಪಿಆರ್ (ಕಾಯಂ ನಿವಾಸಿ) ಕಾರ್ಡ್, ಒಂಟಾರಿಯೊ ಲೈಸೆನ್ಸ್ ನಡೆಯುತ್ತವೆ. ಫೋನಿನಲ್ಲಿರುವ ಫೋಟೊ, ಆಧಾರ್ ಇವನ್ನು ನಂಬಿಕೊಂಡು ಹೋಗಬೇಡಿ.

ಬಿಲ್ಲಿನ ಲೆಕ್ಕ: ತಿಂದಿದ್ದು 100 ಡಾಲರ್ ಆದರೆ ಶೇಕಡ 13 ತೆರಿಗೆ ಸೇರಿ 113. ಕಾರ್ಡ್ ಮಷೀನ್ ಟಿಪ್ ಕೇಳುವಾಗ ಸಾಮಾನ್ಯವಾಗಿ 113ರ ಮೇಲೆ ಲೆಕ್ಕ ಹಾಕುತ್ತದೆ. 18 ಒತ್ತಿದರೆ 20 ಡಾಲರ್ 34 ಸೆಂಟ್ ಹೋಯಿತು. ಶೇಕಡ 15ರಿಂದ 20 ವಾಡಿಕೆ, ತೆರಿಗೆಗೆ ಮೊದಲಿನ ಮೊತ್ತದ ಮೇಲೆ ಕೊಟ್ಟರೆ ತಪ್ಪೇನಿಲ್ಲ. ದೊಡ್ಡ ಗುಂಪಿಗೆ ಎಷ್ಟೋ ಕಡೆ ಟಿಪ್ ಬಿಲ್ಲಿನಲ್ಲೇ ಸೇರಿರುತ್ತದೆ. ನೋಡದೆ ಮಷೀನ್ ಒತ್ತಿದರೆ ಎರಡು ಸಲ ಕೊಟ್ಟಂತೆ.

ಆಟ ಅರ್ಥವಾಗಲು ಮೂರು ವಿಷಯ ಸಾಕು. ಒಂದು ಆಫ್‌ಸೈಡ್: ಎದುರಾಳಿಯ ನೀಲಿ ಗೆರೆಯನ್ನು ಪಕ್ ಮೊದಲು ದಾಟಬೇಕು, ಆಟಗಾರ ಆಮೇಲೆ. ಕೊಡಗಿನ ಕೌಟುಂಬಿಕ ಹಾಕಿ ಹಬ್ಬ ನೋಡಿ ಬೆಳೆದವರು ಇಲ್ಲಿ ಎಡವುತ್ತಾರೆ, ಏಕೆಂದರೆ ನಮ್ಮ ಮೈದಾನದ ಹಾಕಿ ಆಫ್‌ಸೈಡನ್ನು 1990ರ ದಶಕದಲ್ಲೇ ಕೈಬಿಟ್ಟಿತು. ಎರಡು ಐಸಿಂಗ್: ಒತ್ತಡ ತಾಳಲಾರದೆ ತಮ್ಮ ಅರ್ಧದಿಂದಲೇ ಪಕ್ಕನ್ನು ಆ ತುದಿಯ ಗೋಲ್ ಗೆರೆಯಾಚೆಗೆ ಹೊಡೆಯುವುದು. ಅದಕ್ಕೆ ಶಿಕ್ಷೆಯಾಗಿ ಪಕ್ ವಾಪಸ್ ಅವರ ಗೋಲಿನ ಬಳಿಗೇ ಬರುತ್ತದೆ, ದಣಿದ ಆಟಗಾರರನ್ನು ಬದಲಿಸುವಂತಿಲ್ಲ. ಒಬ್ಬೊಬ್ಬರು ಒಂದು ಸಲಕ್ಕೆ 45 ಸೆಕೆಂಡ್ ಆಸುಪಾಸು ಮಾತ್ರ ಆಡಿ ಬೆಂಚಿಗೆ ಹೋಗುವ ಆಟ ಇದು, ಹಾಗಾಗಿ ಆ ಶಿಕ್ಷೆ ಸಣ್ಣದಲ್ಲ. ಮೂರು ಪವರ್ ಪ್ಲೇ: ಕ್ರಿಕೆಟ್‌ನದಲ್ಲ. ತಪ್ಪು ಮಾಡಿದವನು ಎರಡು ನಿಮಿಷ ಪೆನಾಲ್ಟಿ ಬಾಕ್ಸ್‌ನಲ್ಲಿ ಕೂರುತ್ತಾನೆ, ಐವರ ಎದುರು ನಾಲ್ವರು. ಗೋಲ್ ಬಿದ್ದರೆ ಅವನು ಬೇಗನೆ ಹೊರಬರುತ್ತಾನೆ. ಈ ಎರಡು ನಿಮಿಷದಲ್ಲಿ ಯಾರನ್ನೂ ಏನೂ ಕೇಳಬೇಡಿ, ಪ್ರಶ್ನೆಗಳನ್ನು ವಿರಾಮಕ್ಕೆ ಇಟ್ಟುಕೊಳ್ಳಿ.

ಪಕ್ ಕಾಣುತ್ತಿಲ್ಲ ಎಂಬ ಗೋಳು ಎಲ್ಲ ಹೊಸಬರದೂ. ಮೂರು ಇಂಚು ಅಗಲ, ಒಂದು ಇಂಚು ದಪ್ಪದ ರಬ್ಬರ್ ಬಿಲ್ಲೆ ಅದು. ಅದನ್ನು ಹುಡುಕಬೇಡಿ. ಆಟಗಾರರ ತಲೆ ಎತ್ತ ತಿರುಗಿದೆ, ಗೋಲಿ (ಗೋಲ್‌ಕೀಪರ್) ಯಾವ ಕಡೆ ಜರುಗಿದ ಎಂದು ನೋಡಿ, ಪಕ್ ಅಲ್ಲಿರುತ್ತದೆ. ಗೋಲ್ ಆಯಿತೆಂದು ಎದುರಿನವರನ್ನು ತಬ್ಬಿಕೊಂಡ ಮೇಲೂ ಅರ್ಧ ಮನಸ್ಸು ಹಿಡಿದಿಟ್ಟುಕೊಳ್ಳಿ: ಆಫ್‌ಸೈಡ್ ಆಗಿತ್ತೆಂದು ಎದುರಾಳಿ ಕೋಚ್ ಸವಾಲು ಹಾಕಿ ಗೆದ್ದರೆ ಗೋಲ್ ರದ್ದಾಗುತ್ತದೆ. ಸೋತರೆ ಅವರಿಗೇ ಎರಡು ನಿಮಿಷದ ಪೆನಾಲ್ಟಿ. ಕೊನೆಯ ಎರಡು–ಮೂರು ನಿಮಿಷದಲ್ಲಿ ಹಿಂದಿರುವ ತಂಡ ಗೋಲಿಯನ್ನೇ ಹೊರಗೆ ಕರೆದು ಆರನೇ ಆಟಗಾರನನ್ನು ಇಳಿಸುತ್ತದೆ. ಬಾರ್ ಪೂರ್ತಿ ಎದ್ದು ನಿಲ್ಲುವುದು ಆಗ. ಕೂತಿದ್ದರೆ ಮುಂದಿನವರ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ.

ಮಾತಿನಲ್ಲಿ ಕೆಲವು ಎಚ್ಚರ. ತಂಡದ ಹೆಸರು ಲೀಫ್ಸ್, ಲೀವ್ಸ್ ಅಲ್ಲ. ನೀಲಿ ಅಂಗಿ ಹಾಕಿ ಹೋಗಿ, ಕೆಂಪು ಬೇಡ, ಅದು ಮಾಂಟ್ರಿಯಲ್ ಬಣ್ಣ. ಲೀಫ್ಸ್ 13 ಸಲ ಸ್ಟ್ಯಾನ್ಲಿ ಕಪ್ (ಲೀಗ್‌ನ ಚಾಂಪಿಯನ್ ಟ್ರೋಫಿ) ಗೆದ್ದಿದೆ, ಕೊನೆಯದು 1967ರಲ್ಲಿ, ಅದೂ ಇದೇ ಮಾಂಟ್ರಿಯಲ್ ವಿರುದ್ಧ. ಮಾಂಟ್ರಿಯಲ್ ಬಳಿ 24 ಇವೆ. 2021ರಲ್ಲಿ ಇದೇ ಮಾಂಟ್ರಿಯಲ್ ಎದುರು 3–1 ಮುಂದಿದ್ದ ಸರಣಿಯನ್ನು, 2013ರಲ್ಲಿ ಬಾಸ್ಟನ್ ಎದುರು ಏಳನೇ ಪಂದ್ಯದ ಮೂರನೇ ಪಿರಿಯಡ್‌ನಲ್ಲಿ 4–1 ಮುಂದಿದ್ದ ಮ್ಯಾಚನ್ನು ಲೀಫ್ಸ್ ಕಳೆದುಕೊಂಡಿತು. ಇವನ್ನೆಲ್ಲ ತಿಳಿದಿರಿ, ನೀವಾಗಿ ಎತ್ತಬೇಡಿ. ಅವರೇ ಎತ್ತಿ ನಗುತ್ತಾರೆ, ಆಗ ನಗಬಹುದು. ನಮ್ಮ ಗೋಲಿ ಇನ್ನೂ ಒಂದೂ ಬಿಟ್ಟಿಲ್ಲ ಎಂದು ಮ್ಯಾಚ್ ಮುಗಿಯುವ ಮೊದಲು ಬಾಯಿಬಿಟ್ಟು ಹೇಳುವುದು ಅಪಶಕುನ. ಹೇಳಿದ ಮೇಲೆ ಗೋಲ್ ಬಿದ್ದರೆ ತಪ್ಪು ನಿಮ್ಮದೇ.

ಸಮ ಆದರೆ ಸಾಮಾನ್ಯ ಸೀಸನ್‌ನಲ್ಲಿ ಮೂವರ ಎದುರು ಮೂವರು ಐದು ನಿಮಿಷ, ಆಮೇಲೆ ಶೂಟ್‌ಔಟ್. ಹತ್ತು ಗಂಟೆಯೊಳಗೆ ಮನೆಯ ದಾರಿ ಹಿಡಿಯಬಹುದು. ಪ್ಲೇಆಫ್‌ನಲ್ಲಿ ಶೂಟ್‌ಔಟ್ ಇಲ್ಲ, ಗೋಲ್ ಬೀಳುವವರೆಗೆ 20–20 ನಿಮಿಷ ಆಡುತ್ತಲೇ ಇರುತ್ತಾರೆ. ಆಗ ಅಡುಗೆಮನೆ ಯಾವಾಗ ಮುಚ್ಚುತ್ತದೆ ಎಂದು ಮೂರನೇ ಪಿರಿಯಡ್‌ನಲ್ಲೇ ಕೇಳಿಡಿ. ಮದ್ಯ ಕೊಡುವುದು ಮಾತ್ರ ರಾತ್ರಿ ಎರಡರವರೆಗೆ.

ಹೋಗಿಬರಲು ಯೂನಿಯನ್ ಸ್ಟೇಷನ್ ಸಾಕು. ಕಾರ್ ಬೇಡ, ಅದಕ್ಕೆ ಪಾರ್ಕಿಂಗ್ ಮಾತ್ರ ಕಾರಣವಲ್ಲ. ಹೊಸದಾಗಿ ಬಂದವರ ಕೈಯಲ್ಲಿ ಇರುವುದು ಜಿ2 ಲೈಸೆನ್ಸ್ (ಕಲಿಕೆಯ ಜಿ1, ಪೂರ್ತಿ ಜಿ ಇವೆರಡರ ನಡುವಿನ ಹಂತ) ಆಗಿರಬಹುದು. ಜಿ1, ಜಿ2 ಇರುವವರು ಓಡಿಸುವಾಗ ರಕ್ತದಲ್ಲಿ ಆಲ್ಕೋಹಾಲ್ ಸೊನ್ನೆ ಇರಬೇಕು, ವಯಸ್ಸು ನಲವತ್ತಾದರೂ ಅಷ್ಟೇ. ಜೊತೆಯವರು ‘ಒಂದು ಪಿಂಟ್ ತಾನೇ, ಓಡಿಸಬಹುದು’ ಅಂದರೆ ಅವರು ಹೇಳುತ್ತಿರುವುದು ತಮ್ಮ ಪೂರ್ತಿ ಜಿ ಲೈಸೆನ್ಸಿನ ಲೆಕ್ಕ.